ಗಾಜಿನ ಮನೆಯೂ ಒಳಕೋಣೆಯೂ

ಚಿಕ್ಕೋಡಿಯಿಂದ ಕಾಗವಾಡದವರೆಗೆ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಪಡಸಾಲೆ ಎಲ್ಲರದು. ಬಂದವರು ಅಲ್ಲಿ ಕುಳಿತು ಮಾತನಾಡಬಹುದು. ಆದರೆ ಅದರಾಚೆಯ ಒಳಕೋಣೆಗೆ ಕರೆಯದೆ ಯಾರೂ ಕಾಲಿಡುವುದಿಲ್ಲ. ಕುಟುಂಬದ ಪ್ರಾರ್ಥನೆ, ದುಃಖ, ಕ್ಷಮೆ ಎಲ್ಲವೂ ಅಲ್ಲಿಯೇ. ಅಂಥ ಕೋಣೆಯೇ ಇಲ್ಲದ ನಾಡೊಂದನ್ನು ನೂರು ವರ್ಷಗಳ ಹಿಂದೆ ರಷ್ಯಾದ ಲೇಖಕನೊಬ್ಬನು ಕಲ್ಪಿಸಿದನು.

ಆತ ಯೆವ್ಗೆನಿ ಝಮ್ಯಾತಿನ್. ಆರ್ಥೊಡಾಕ್ಸ್ ಸಭೆಯ ಗುರುವೊಬ್ಬರ ಮಗ, ಹಡಗು ಕಟ್ಟುವ ಇಂಜಿನಿಯರು. 1920-21ರಲ್ಲಿ ಆತ ಬರೆದ 'ನಾವು' ಕಾದಂಬರಿಯಲ್ಲಿ ಮನುಷ್ಯರಿಗೆ ಹೆಸರುಗಳಿಲ್ಲ, ಸಂಖ್ಯೆಗಳಿವೆ. ಮನೆಗಳೆಲ್ಲ ಗಾಜಿನವು. ಪರದೆ ಇಳಿಬಿಡಲೂ ಪ್ರಭುತ್ವದ ಅನುಮತಿ ಬೇಕು. ಕೊನೆಗೆ ಶಸ್ತ್ರಚಿಕಿತ್ಸೆಯಿಂದ ಜನರ ಕಲ್ಪನಾಶಕ್ತಿಯನ್ನೇ ತೆಗೆದುಹಾಕಲಾಗುತ್ತದೆ. ಆದರೂ ಅಲ್ಲಿನ ಬಹುಪಾಲು ಜನ ತಾವು ಸುಖಿಗಳೆಂದೇ ನಂಬಿದ್ದಾರೆ. ಈ ಪುಸ್ತಕ 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು; ಲೇಖಕನ ಸ್ವಂತ ನಾಡಿನಲ್ಲಿ ಅಚ್ಚಾದದ್ದು 1988ರಲ್ಲಿ.

ಇದಕ್ಕೂ ಮುಂಚೆ, 1907ರಲ್ಲಿ, ಇಂಗ್ಲೆಂಡಿನ ಕಥೋಲಿಕ ಗುರು ರಾಬರ್ಟ್ ಹ್ಯೂ ಬೆನ್ಸನ್ 'ಲೋಕದ ಒಡೆಯ' ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದಿದ್ದರು. ಅದರ ಸರ್ವಾಧಿಕಾರಿ ಖಡ್ಗ ಹಿಡಿದು ಬರುವುದಿಲ್ಲ, ಶಾಂತಿಯ ವಾಗ್ದಾನ ಹೊತ್ತು ಬರುತ್ತಾನೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಈ ಪುಸ್ತಕವನ್ನು ಓದಿರೆಂದು ಸಲಹೆ ನೀಡಿದ್ದರು. ಸುಖದ ಹೆಸರಿನಲ್ಲಿ ಕೇಳಿದರೆ ಮನುಷ್ಯನು ತನ್ನ ಒಳಕೋಣೆಯ ಕೀಲಿಯನ್ನು ತಾನೇ ಒಪ್ಪಿಸಿಬಿಡುತ್ತಾನೆಂಬುದನ್ನು ಈ ಇಬ್ಬರೂ ಲೇಖಕರು ಕಂಡುಕೊಂಡಿದ್ದರು.

ದೂರದ ದೇಶದ ಕಥೆಗಳು ನಮಗೇಕೆ ಎನ್ನುವವರು ನಮ್ಮ ಇತಿಹಾಸವನ್ನೇ ನೋಡಬಹುದು. 'ನಾವು' ಓದಿ ವಿಮರ್ಶೆ ಬರೆದ ಜಾರ್ಜ್ ಆರ್ವೆಲ್ 1949ರಲ್ಲಿ '1984' ಕಾದಂಬರಿಯನ್ನು ಹೊರತಂದರು. ಅದರಲ್ಲಿ ಮಕ್ಕಳೇ ತಂದೆಯನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆ. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರ ಜೂನ್ 25ರಂದು. ಅದೇ ಜೂನ್ 25ರ ರಾತ್ರಿ, 1975ರಲ್ಲಿ, ನಮ್ಮ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ವಿಚಾರಣೆಯಿಲ್ಲದೆ ಸಾವಿರಾರು ಜನರು ಬಂಧನಕ್ಕೊಳಗಾದರು. 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಹಿಡಿದು, ಭೂಗತರಾಗಿದ್ದ ಅಣ್ಣ ಜಾರ್ಜ್ ಎಲ್ಲಿದ್ದಾರೆಂದು ಹೇಳುವಂತೆ ಚಿತ್ರಹಿಂಸೆ ನೀಡಿದರು. ಅವರದು ಮಂಗಳೂರಿನ ಕಥೋಲಿಕ ಕುಟುಂಬ. ಜಾರ್ಜ್ ಎಳೆಯ ವಯಸ್ಸಿನಲ್ಲಿ ಗುರುವಾಗಲೆಂದು ಬೆಂಗಳೂರಿನ ಗುರುಮಠ ಸೇರಿದ್ದವರು. ಅದೇ ತಿಂಗಳು ಬಂಧಿತರಾದ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ಸೆರೆಮನೆಯಲ್ಲಿ ಜರ್ಝರಿತರಾಗಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಬಂಧಿತರು ನ್ಯಾಯಾಲಯದ ಮೊರೆ ಹೋಗುವಂತಿಲ್ಲವೆಂದು 1976ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತಿದ್ದರು, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತಳ್ಳಿಹಾಕಿ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಈ ವ್ಯಾಜ್ಯಕ್ಕೆ ಮೊದಲಿಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಮುಚ್ಚಿದ ಬಾಗಿಲ ಹಿಂದೆ ಅನ್ಯಾಯವೂ ನಡೆಯುವುದಿಲ್ಲವೇ ಎಂದು ಕೇಳಬಹುದು. ನಡೆಯುತ್ತದೆ. ಹೊಡೆತ ತಿನ್ನುವ ಹೆಣ್ಣುಮಗಳ ಕೂಗು ಕೇಳಿದಾಗ ಬಾಗಿಲು ಬಡಿಯುವುದು ನೆರೆಯವರ ಧರ್ಮ, ತೆರೆಸುವುದು ಕಾನೂನಿನ ಕೆಲಸ. ಆದರೆ ಒಂದು ಮನೆಯ ಬಾಗಿಲನ್ನು ಸಕಾರಣವಾಗಿ ತೆರೆಸುವುದು ಬೇರೆ, ಊರಿನ ಗೋಡೆಗಳನ್ನೆಲ್ಲ ಗಾಜಿನವಾಗಿ ಮಾಡುವುದು ಬೇರೆ. ಮನುಷ್ಯನು ರಾಜ್ಯದ ಅಂಗವಾದರೂ ತನ್ನ ಸರ್ವಸ್ವದೊಡನೆ ರಾಜ್ಯಕ್ಕೆ ಅಧೀನನಲ್ಲವೆಂದು ಸಂತ ತೋಮಾಸ್ ಅಕ್ವಿನಾಸರು ಏಳು ಶತಮಾನಗಳ ಹಿಂದೆಯೇ ಬೋಧಿಸಿದ್ದಾರೆ. ಅವನ ಮನಸ್ಸಾಕ್ಷಿಯಲ್ಲಿ ದೇವರಿಗೆ ಮಾತ್ರ ಮೀಸಲಾದ ಸ್ಥಳವಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವು ಯಾವ ಪ್ರಭುತ್ವಕ್ಕೂ ಹೇಳಬಾರದೆಂಬ ನಿಯಮದ ತಿರುಳೂ ಇದೇ.

ಇಂದು ಗಾಜಿನ ಗೋಡೆಗಳನ್ನು ಕಟ್ಟುತ್ತಿರುವವರಲ್ಲಿ ನಾವೂ ಇದ್ದೇವೆ. ಆಸ್ಪತ್ರೆಯ ಹಾಸಿಗೆಯಲ್ಲಿರುವ ತಾಯಿಯ ಚಿತ್ರವನ್ನು, ಅಣ್ಣತಮ್ಮಂದಿರ ಜಗಳವನ್ನು ಮೊಬೈಲಿನಲ್ಲಿ ನಾವೇ ಊರಿಗೆಲ್ಲ ಹಂಚುತ್ತೇವೆ. ಗಂಡನು ಹೆಂಡತಿಯ ಫೋನನ್ನು ಗುಟ್ಟಾಗಿ ತಡಕುತ್ತಾನೆ. ತಮ್ಮ ಮೇಲೆ ಸದಾ ಯಾರದೋ ಕಣ್ಣಿರುತ್ತದೆ ಎಂಬ ಅರಿವಿನಲ್ಲಿಯೇ ಬೆಳೆದ ಮಕ್ಕಳು ನಾಳೆ ಪ್ರಭುತ್ವದ ಕಣ್ಣನ್ನು ಪ್ರಶ್ನಿಸುವರೆಂದು ನಿರೀಕ್ಷಿಸುವುದು ಹೇಗೆ? ಮಕ್ಕಳನ್ನು ಕಾಯಬೇಕು, ನಿಜ. ಎಳೆಯರಿಗೆ ಹೆತ್ತವರ ನಿಗಾ ಅಗತ್ಯ. ಆದರೆ ಅವರು ಬೆಳೆದಂತೆ ಆ ನಿಗಾ ವಿಶ್ವಾಸವಾಗಿ ಮಾರ್ಪಡಬೇಕು.

ಪ್ರಿಯ ಕುಟುಂಬಗಳೇ, ಈ ಪುಸ್ತಕಗಳು ಕತ್ತಲೆಯನ್ನು ಚಿತ್ರಿಸುತ್ತವೆಂದು ಕಾಲೇಜು ಓದುವ ಮಕ್ಕಳಿಂದ ಅವನ್ನು ಮರೆಮಾಡಬೇಡಿರಿ. ಜೊತೆಯಲ್ಲಿ ಓದಿ ಚರ್ಚಿಸಿರಿ. ಮಕ್ಕಳ ಕೋಣೆಯ ಬಾಗಿಲನ್ನು ತಟ್ಟಿ ಒಳಹೋಗಿರಿ. ಯಾವ ಲಾಭಕ್ಕಾಗಿಯೂ ನೆರೆಯವನ ಗುಟ್ಟನ್ನು ಅಧಿಕಾರಸ್ಥರಿಗೆ ಮಾರಬಾರದೆಂಬ ಪಾಠವನ್ನು ಮನೆಯಲ್ಲಿಯೇ ಕಲಿಸಿರಿ. ಸ್ವಾತಂತ್ರ್ಯವನ್ನು ಸಂವಿಧಾನವು ಬರೆದುಕೊಡಬಹುದು. ಅದರ ಅಭ್ಯಾಸ ಆರಂಭವಾಗಬೇಕಾದದ್ದು ನಮ್ಮ ಮನೆಗಳಲ್ಲಿ.