ಫೋನು ಮನೆಯದು, ಮಗುವಿನದಲ್ಲ

ರಾಯಚೂರು ಜಿಲ್ಲೆಯ ಬಳಗಾನೂರು ಸೀಮೆಯ ಶಾಲೆಗಳಿಗೆ ಟ್ಯಾಬ್, ಸ್ಮಾರ್ಟ್ ಕ್ಲಾಸ್ ಬಂದರೆ ಸಾಕು, ಇದರಲ್ಲಿ ರಾಜಕೀಯ ಎಳೆದು ತರಬೇಡಿ ಎನ್ನುವವರಿದ್ದಾರೆ. ಅವರ ಮಾತುಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

‘ತಂತ್ರಜ್ಞಾನಕ್ಕೆ ರಾಜಕೀಯವಿಲ್ಲ’ ಎಂಬುದು ಮೊದಲ ಮಾತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿರ್ಬಂಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ಕೊಟ್ಟಿತು. ಪರದೆ ಯಾವ ಮಗುವಿನ ಮುಂದೆ ತೆರೆಯಬೇಕೆಂಬುದು ತೀರ್ಮಾನವಾದದ್ದು ವಿಧಾನಸೌಧದಲ್ಲಿ, ನ್ಯಾಯಾಲಯದಲ್ಲಿ. ಇಂಟರ್ನೆಟ್ಟೇ ಇಲ್ಲದ ಮನೆಯ ಮಗುವಿಗೆ ಆ ತಡೆಯಿಂದ ಒಂದು ಪಾಠವೂ ಹೆಚ್ಚು ಸಿಗಲಿಲ್ಲ.

‘ಈಗ ಎಲ್ಲರ ಕೈಯಲ್ಲೂ ಫೋನಿದೆ.’ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ನೂರರಲ್ಲಿ ಸುಮಾರು 15 ಮನೆಗಳಿಗೆ. ಆಮೇಲೆ ಹೆಚ್ಚಾಗಿದೆ, ಒಪ್ಪೋಣ. ಆದರೆ ಮಸ್ಕಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಅಪ್ಪನ ಜೇಬಿನಲ್ಲೇ ಆ ಫೋನೂ ಗುಳೆ ಹೋಗುತ್ತದೆ. ಕಲಿಕೆಯ ಆ್ಯಪ್ ಕೇಳುವ ಒಟಿಪಿ ಅಲ್ಲಿ ಬಂದರೆ, ಪುಸ್ತಕ ಹಿಡಿದ ಮಗು ಇಲ್ಲಿ ಅಜ್ಜಿಯ ಹತ್ತಿರ ಇರುತ್ತದೆ. ಮನೆಯಲ್ಲಿ ಇನ್ನೊಂದು ಫೋನಿದ್ದರೆ ಅದು ಮೊದಲು ಸಿಗುವುದು ಅಣ್ಣನಿಗೆ. ಹುಡುಗಿ ಫೋನ್ ಹಿಡಿದರೆ ಓಣಿಯೇ ಮಾತಾಡುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56, ಮಹಿಳೆಯರದು ಅರ್ಧಕ್ಕಿಂತ ಕಡಿಮೆ. ಓದು ಸಿಗದ ತಾಯಿಯನ್ನೇ ಮಗುವಿನ ಆನ್‌ಲೈನ್ ಪಾಠಕ್ಕೆ ಹೊಣೆ ಮಾಡುವುದು ಅನ್ಯಾಯ.

‘ನಿಮ್ಮ ಸಂಸ್ಕೃತಿಯೇ ಅಡ್ಡಿ, ಮನಸ್ಸು ಬದಲಾಗಬೇಕು’ ಎನ್ನುವವರು ಇಲ್ಲಿನ ಇತಿಹಾಸ ಓದಲಿ. ಈ ಸೀಮೆಯನ್ನಾಳಿದ ನಿಜಾಮರ ಕೊನೆಯ ದಶಕಗಳಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಕನ್ನಡದ ಮಗು ಓದಿನಿಂದ ದೂರ ಉಳಿದದ್ದು ಸೋಮಾರಿತನದಿಂದಲ್ಲ. ಇವತ್ತು ಸಿಂಧನೂರು ಸುತ್ತ ತುಂಗಭದ್ರಾ ಕಾಲುವೆಯ ಬೆನ್ನಲ್ಲೇ ಬಂದ ತೆಲುಗರ ಕ್ಯಾಂಪುಗಳಿವೆ, ಬಂಗಾಳಿ ನಿರಾಶ್ರಿತರ ಆರ್‌ಎಚ್ ಕ್ಯಾಂಪುಗಳಿವೆ, ಲಂಬಾಣಿ ತಾಂಡಾಗಳಿವೆ. ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಒಂದೇ ವಿಡಿಯೊ ಬೇರೆ ಬೇರೆ ಮನೆಮಾತಿನ ಇವರೆಲ್ಲರ ಮಕ್ಕಳಿಗೂ ತಲುಪಿತೆಂದು ಲೆಕ್ಕ ಬರೆಯುವುದು ಸುಲಭ. ಮಗುವಿನ ಮುಖ ನೋಡಿ ‘ತಿಳೀಲಿಲ್ಲೇನು?’ ಎಂದು ಮತ್ತೊಮ್ಮೆ ಹೇಳುವುದು ಶಿಕ್ಷಕರಿಗೆ ಮಾತ್ರ ಸಾಧ್ಯ. 2020ರ ಆಗಸ್ಟ್‌ನಲ್ಲಿ ಆರಂಭವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಮಾಡಿದ್ದು ಇದನ್ನೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಫೋನಿಲ್ಲದ ಮಗುವನ್ನೂ ಲೆಕ್ಕಕ್ಕೆ ಹಿಡಿದ ಆ ಕ್ರಮ ನನ್ನ ದೃಷ್ಟಿಯಲ್ಲಿ ಆ ವರ್ಷದ ಅತ್ಯುತ್ತಮ ಕೆಲಸ.

‘ಹಾಗಾದರೆ ಕಂಪ್ಯೂಟರ್ ಬೇಡವೇ?’ ಬೇಕು. ಶಾಲೆಯ ಕೋಣೆಯಲ್ಲಿ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಕನ್ನಡ ಪಾಠಗಳ ಜೊತೆ, ಹುಡುಗಿಯರಿಗೂ ಸಮಾನ ಸರದಿಯಲ್ಲಿ ಬೇಕು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನವೂ ಬರುತ್ತಿದೆ. ಆ ಹಣದಲ್ಲಿ, ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬದೆ ಪರದೆ ಕೊಳ್ಳುವುದು ತಪ್ಪು ಆದ್ಯತೆ.

ಪಾಲಕರೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಗೆ ಹೋಗಿ. ಯಂತ್ರ ಎಷ್ಟು ಬಂದವೆಂದು ಮಾತ್ರ ಕೇಳಬೇಡಿ. ಅವನ್ನು ಯಾವ ಮಗು ಮುಟ್ಟಿತು, ಕಲಿಸಲು ಯಾರಿದ್ದಾರೆ ಎಂದೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.