ಕಾನೂನು ಕೊಟ್ಟುದನ್ನು ಬೀಗ ಕಸಿಯಬಾರದು

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಎಂಬ ಮೂರು ದೈತ್ಯ ಪ್ರಕಾಶನ ಸಂಸ್ಥೆಗಳು ಒಂದು ಜೆರಾಕ್ಸ್ ಅಂಗಡಿಯ ವಿರುದ್ಧ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದುವು. ದೆಹಲಿ ವಿಶ್ವವಿದ್ಯಾಲಯವನ್ನೂ ಅವು ಪ್ರತಿವಾದಿಯನ್ನಾಗಿ ಮಾಡಿದ್ದುವು. ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಸರ್ವಿಸಸ್ ಎಂಬ ಆ ಅಂಗಡಿ ಮಾಡಿದ 'ಅಪರಾಧ' ಇಷ್ಟೇ: ಅಧ್ಯಾಪಕರು ಸೂಚಿಸಿದ ಗ್ರಂಥಗಳ ಅಧ್ಯಾಯಗಳನ್ನು ನಕಲು ಮಾಡಿ, ಒಂದು ಕಟ್ಟಾಗಿಸಿ ವಿದ್ಯಾರ್ಥಿಗಳಿಗೆ ನೀಡುತ್ತಿತ್ತು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ಆ ದಾವೆಯನ್ನು ವಜಾಗೊಳಿಸಿದರು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವು ಕೆಲವು ಅಂಶಗಳನ್ನು ಮರುವಿಚಾರಣೆಗೆ ಕಳುಹಿಸಿತಾದರೂ, ಬೋಧನೆಗಾಗಿ ನಕಲು ಮಾಡಿಕೊಳ್ಳಲು ಕಾನೂನು ಅವಕಾಶ ನೀಡಿದೆ ಎಂಬುದನ್ನು ಎತ್ತಿಹಿಡಿಯಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ತಮ್ಮ ದಾವೆಯನ್ನೇ ಹಿಂತೆಗೆದುಕೊಂಡರು.

ಆ ತೀರ್ಪು ದೆಹಲಿಯ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ದುಬಾರಿ ಗ್ರಂಥವನ್ನು ಕೊಳ್ಳಲಾಗದೆ ಅದರ ನಾಲ್ಕು ಅಧ್ಯಾಯಗಳನ್ನಷ್ಟೇ ಜೆರಾಕ್ಸ್ ಮಾಡಿಸಿಕೊಂಡು ಪರೀಕ್ಷೆ ಬರೆಯುವ ನಮ್ಮ ಊರಿನ ಮಕ್ಕಳಿಗೂ ಅದು ಆಸರೆ. ಆದರೆ ಆ ಗೆಲುವು ಕಾಗದದ ಪುಸ್ತಕದ ಗೆಲುವು. ಅದೇ ಗ್ರಂಥ ಇ-ಪುಸ್ತಕವಾಗಿ ಬಂದರೆ ಏನಾಗುತ್ತದೆ?

ಇ-ಪುಸ್ತಕಕ್ಕೆ ಮಾರಾಟಗಾರರು ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದು ಅವರದೇ ತಂತ್ರಾಂಶದಲ್ಲಿ, ಕೊಂಡವನ ಖಾತೆಯಲ್ಲಿ ಮಾತ್ರ ತೆರೆಯುವಂತೆ ಮಾಡಿರುತ್ತಾರೆ. ಎಷ್ಟು ಪುಟ ಮುದ್ರಿಸಬಹುದು, ಎಷ್ಟು ಸಾಲು ನಕಲಿಸಬಹುದು ಎಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಕಳ್ಳನನ್ನು ತಡೆಯಲು ಈ ವ್ಯವಸ್ಥೆ ಎನ್ನಲಾಗುತ್ತದೆ. ಆದರೆ ಎದುರಿಗಿರುವವನು ಕಳ್ಳನೋ ವಿದ್ಯಾರ್ಥಿಯೋ ಎಂಬುದು ಬೀಗಕ್ಕೆ ತಿಳಿಯದು. ನ್ಯಾಯಾಧೀಶರು ಉದ್ದೇಶವನ್ನು ವಿಚಾರಿಸುತ್ತಾರೆ, ಬೀಗ ವಿಚಾರಿಸುವುದಿಲ್ಲ.

ಈ ಬೀಗಕ್ಕೆ ಮೊದಲು ಕಠಿಣ ಕಾನೂನಿನ ಕಾವಲು ಹಾಕಿದ ದೇಶಗಳಲ್ಲಿ ಅಮೆರಿಕ ಪ್ರಮುಖವಾದುದು. 1998ರ ಡಿಜಿಟಲ್ ಮಿಲೇನಿಯಮ್ ಕಾಪಿರೈಟ್ ಕಾಯ್ದೆಯು ಬೀಗ ಒಡೆಯುವುದನ್ನೂ ಒಡೆಯುವ ಸಾಧನವನ್ನು ಹಂಚುವುದನ್ನೂ ಅಪರಾಧವಾಗಿಸಿತು. ಅದರ ಪರಿಣಾಮವೇನಾಯಿತು? 2001ರ ಜುಲೈಯಲ್ಲಿ ದಿಮಿತ್ರಿ ಸ್ಕ್ಲ್ಯಾರೋವ್ ಎಂಬ ರಷ್ಯನ್ ತಂತ್ರಜ್ಞ ಲಾಸ್ ವೆಗಾಸ್‌ನ ಸಮ್ಮೇಳನವೊಂದರಲ್ಲಿ ಅಡೋಬಿ ಇ-ಪುಸ್ತಕಗಳ ಬೀಗದ ದೌರ್ಬಲ್ಯವನ್ನು ವಿವರಿಸಿದರು. ಬೆನ್ನಿಗೇ ಬಂಧಿತರಾದರು. ಅವರು ದುಡಿಯುತ್ತಿದ್ದ ಎಲ್ಕಮ್‌ಸಾಫ್ಟ್ ಕಂಪೆನಿಯ ಮೇಲೂ ಮೊಕದ್ದಮೆ ನಡೆಯಿತು. 2002ರ ಡಿಸೆಂಬರ್‌ನಲ್ಲಿ ತೀರ್ಪುಗಾರರ ಮಂಡಳಿ ಕಂಪೆನಿಯನ್ನು ನಿರ್ದೋಷಿಯೆಂದಿತು. 2009ರಲ್ಲಿ ಅಮೆಜಾನ್ ಸಂಸ್ಥೆಯು ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ಕೃತಿಗಳನ್ನು ಅವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಆ ಕೃತಿಗಳ ಹಕ್ಕಿರಲಿಲ್ಲ ಎಂಬುದು ಅದರ ಸಮಜಾಯಿಷಿ. ಹಣವನ್ನು ಮರಳಿಸಿತು, ಬಳಿಕ ಕ್ಷಮೆಯನ್ನೂ ಕೋರಿತು. ಆದರೆ ಪುಸ್ತಕದಂಗಡಿಯವನು ರಾತ್ರಿ ಮನೆಗೆ ನುಗ್ಗಿ, ಕಪಾಟಿನಿಂದ ಪುಸ್ತಕ ಒಯ್ದು, ಹಣವಿಟ್ಟು ಹೋದರೆ ನಾವು ಒಪ್ಪುತ್ತೇವೆಯೇ?

ನಮ್ಮ ದೇಶದ ಕಾನೂನು ಇದಕ್ಕಿಂತ ವಿವೇಕಯುತವಾದುದು ಎಂಬುದನ್ನು ಒಪ್ಪಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ, ಬೋಧನೆಗಳಿಗಾಗಿ ಕೃತಿಯ ನ್ಯಾಯೋಚಿತ ಬಳಕೆಗೆ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯು 65ಎ ಎಂಬ ಸೆಕ್ಷನನ್ನು ಸೇರಿಸಿ, ಬೀಗ ಒಡೆಯುವವರಿಗೆ ಎರಡು ವರ್ಷಗಳ ವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸಿತು. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಮಾತ್ರ ಶಿಕ್ಷೆ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆದರೆ ಅಪರಾಧವಲ್ಲ.

ಹಾಗಾದರೆ ಸಮಸ್ಯೆಯೇನು? ಬೀಗ ತೆರೆಯಬಹುದು ಎಂದಿರುವ ಕಾನೂನು ಕೀಲಿಕೈಯನ್ನು ಯಾರು ಕೊಡಬೇಕೆಂದು ಹೇಳಿಲ್ಲ. ಸಾಮಾನ್ಯ ಅಧ್ಯಾಪಕಿಗೋ ವಿದ್ಯಾರ್ಥಿಗೋ ಗೂಢಲಿಪಿಯನ್ನು ಬಿಡಿಸುವ ವಿದ್ಯೆ ಗೊತ್ತಿರುವುದಿಲ್ಲ. ಬಲ್ಲವರ ನೆರವು ಪಡೆಯೋಣವೆಂದರೆ, ನೆರವಾಗುವವನು ಬಂದವರ ಹೆಸರು, ವಿಳಾಸ, ಉದ್ದೇಶಗಳನ್ನೆಲ್ಲ ದಾಖಲಿಸಿಡಬೇಕೆಂಬ ಷರತ್ತಿದೆ. ಜೆರಾಕ್ಸ್ ಅಂಗಡಿಗೆ ಇಲ್ಲದ ಈ ಷರತ್ತು ಇಲ್ಲೇಕೆ? ಇಂತಹ ರಗಳೆ ಹೊತ್ತುಕೊಳ್ಳಲು ಯಾರು ಮುಂದೆ ಬಂದಾರು?

ಇದರ ಹೆಚ್ಚಿನ ಹೊರೆ ಬೀಳುವುದು ದೃಷ್ಟಿಹೀನರ ಮೇಲೆ. ಅಕ್ಷರಗಳನ್ನು ಧ್ವನಿಯಾಗಿಸುವ ತಂತ್ರಾಂಶವೇ ಅವರ ಕಣ್ಣು. ಬೀಗವು ಅಕ್ಷರವನ್ನು ಆ ತಂತ್ರಾಂಶಕ್ಕೆ ಕೊಡದಿದ್ದರೆ, ಕೊಂಡ ಪುಸ್ತಕವೂ ಅವರ ಪಾಲಿಗೆ ಮೌನ. ಕಿಂಡಲ್ ಪುಸ್ತಕವನ್ನು ಗಟ್ಟಿಯಾಗಿ ಓದುವ ಸೌಲಭ್ಯಕ್ಕೆ 2009ರಲ್ಲಿ ಅಮೆರಿಕದ ಲೇಖಕರ ಸಂಘ ಆಕ್ಷೇಪವೆತ್ತಿದಾಗ, ಅದನ್ನು ಮುಚ್ಚುವ ಅಧಿಕಾರವನ್ನು ಅಮೆಜಾನ್ ಪ್ರಕಾಶಕರ ಕೈಗೆ ಒಪ್ಪಿಸಿತ್ತು. ದೃಷ್ಟಿಹೀನರ ಓದಿನ ಹಕ್ಕಿಗಾಗಿ 2013ರಲ್ಲಿ ರೂಪುಗೊಂಡ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊತ್ತಮೊದಲು ಅನುಮೋದಿಸಿದ ದೇಶ ನಮ್ಮದು. ಬೀಗಗಳು ಈ ಓದಿಗೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು ಆ ಒಪ್ಪಂದವೇ ಹೇಳುತ್ತದೆ. ಮೊದಲು ಅನುಮೋದಿಸಿದವರು ಪಾಲನೆಯಲ್ಲೂ ಮೊದಲಿಗರಾಗಬೇಡವೇ?

ಲೇಖಕರ ದುಡಿಮೆಗೆ ಬೆಲೆ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ವರ್ಷಗಟ್ಟಲೆ ದುಡಿದು ಬರೆದುದನ್ನು ಇಡಿಯಾಗಿ ನಕಲು ಮಾಡಿ ಮಾರುವುದು ಕಳ್ಳತನವೇ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬೀಗ ಅಂಥವರನ್ನು ತಡೆದಿದೆಯೇ? ಅವರು ಬೀಗ ಒಡೆದ ಪ್ರತಿಯನ್ನೇ ಹಂಚುತ್ತಾರೆ. ಬೀಗದ ಕಾಟ ಉಳಿಯುವುದು ಹಣ ಕೊಟ್ಟು ಕೊಂಡ ಪ್ರಾಮಾಣಿಕನಿಗೆ. ಅಲ್ಲದೆ, ಲೇಖಕನ ಮರಣದ ಅರುವತ್ತು ವರ್ಷಗಳ ಬಳಿಕ ಕೃತಿ ಸಮಾಜದ ಸೊತ್ತಾಗಬೇಕೆಂದು ನಮ್ಮ ಕಾಯ್ದೆ ಹೇಳುತ್ತದೆ. ಬೀಗಕ್ಕೆ ಆ ಲೆಕ್ಕ ಎಲ್ಲಿ ಗೊತ್ತು?

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಕಾನೂನಿನ ವಿನಾಯಿತಿಗಳ ಪ್ರಯೋಜನ ಜನರಿಗೆ ದೊರೆಯುವಂತೆ ಹಕ್ಕುದಾರರೇ ದಾರಿ ಮಾಡಿಕೊಡಬೇಕು ಎಂಬ ತತ್ವವನ್ನು ಯುರೋಪಿಯನ್ ಒಕ್ಕೂಟವು 2001ರ ನಿರ್ದೇಶನದಲ್ಲೇ ಸೇರಿಸಿದೆ. ನಮ್ಮಲ್ಲೂ ಅರ್ಹ ಓದುಗನೋ ಗ್ರಂಥಾಲಯವೋ ಕೇಳಿದಾಗ ಬೀಗವಿಲ್ಲದ ಪ್ರತಿಯನ್ನು ನಿಗದಿತ ಅವಧಿಯೊಳಗೆ ಕೊಡುವುದು ಮಾರಾಟಗಾರನ ಹೊಣೆಯಾಗಬೇಕು. ನೆರವಾಗುವವರ ಮೇಲಿನ ದಾಖಲೆಯ ಷರತ್ತು ರದ್ದಾಗಬೇಕು. ಬೀಗ ಏನನ್ನೆಲ್ಲ ತಡೆಯುತ್ತದೆ ಎಂಬುದನ್ನು ಹಣ ಪಡೆಯುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು.

ಅಲ್ಲಿಯ ವರೆಗೆ ನಾವು ಮಾಡಬಹುದಾದುದೂ ಇದೆ. ಮಕ್ಕಳಿಗಾಗಿ ಇ-ಪುಸ್ತಕ ಕೊಳ್ಳುವಾಗ ಬೆಲೆಯನ್ನು ಮಾತ್ರ ನೋಡದೆ, ಇದನ್ನು ಮುದ್ರಿಸಬಹುದೇ, ತಮ್ಮ ತಂಗಿಯರಿಗೆ ದಾಟಿಸಬಹುದೇ, ನಾಳೆಯೂ ಇದು ನಮ್ಮಲ್ಲಿ ಉಳಿದೀತೇ ಎಂದು ವಿಚಾರಿಸೋಣ. ಅಣ್ಣನ ಪಠ್ಯಪುಸ್ತಕದಲ್ಲಿ ತಂಗಿ ಓದಿ ಮೇಲೆ ಬಂದ ಮನೆಗಳು ನಮ್ಮವು. ದೆಹಲಿಯ ನ್ಯಾಯಾಲಯದಲ್ಲಿ ಆ ವಿದ್ಯಾರ್ಥಿಗಳು ಉಳಿಸಿಕೊಂಡ ಹಕ್ಕನ್ನು ನಾಳಿನ ವಿದ್ಯಾರ್ಥಿಗಳು ಒಂದು ತಂತ್ರಾಂಶದ ಮುಂದೆ ಸದ್ದಿಲ್ಲದೆ ಕಳೆದುಕೊಳ್ಳಬಾರದು.