ಅತಿಥಿ ಸತ್ಕಾರವೋ, ಅಡುಗೆಯ ಪ್ರದರ್ಶನವೋ?

ಅತಿಥಿಗಳನ್ನು ಮನೆಗೆ ಊಟಕ್ಕೆ ಕರೆಯುವ ಪದ್ಧತಿಯು ನಮ್ಮ ಕುಟುಂಬಗಳಲ್ಲಿ ದಿನೇ ದಿನೇ ಕ್ಷೀಣಿಸುತ್ತಿದೆ. ಕಾರಣ ಕೇಳಿದರೆ ಸಿದ್ಧ ಉತ್ತರವೊಂದು ದೊರೆಯುತ್ತದೆ: “ನಮ್ಮ ಕಟ್ಟುಪಾಡುಗಳಲ್ಲಿ ಅಡುಗೆ ಮಾಡಿ ಬಂದವರನ್ನು ತೃಪ್ತಿಪಡಿಸುವುದು ಕಷ್ಟ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಹೋಟೆಲಿಗೆ ಕರೆದೊಯ್ದರೆ ಎಲ್ಲರಿಗೂ ಸುಖ.” ಈ ವಾದವನ್ನು ನಾನು ಒಪ್ಪಲಾರೆ. ಕಷ್ಟವನ್ನು ತಂದಿರುವುದು ವ್ರತವಲ್ಲ; ಎಲೆಯ ಮೇಲಿನ ಬಗೆಗಳನ್ನು ಎಣಿಸುವ ನಮ್ಮ ಚಟ. ಹದಿನಾಲ್ಕು ಬಗೆ ಮಾಡಿದರೆ ಹದಿನಾಲ್ಕು ಪಟ್ಟು ಗೌರವ ಎಂಬ ಲೆಕ್ಕ ಯಾವ ಶಾಸ್ತ್ರದಲ್ಲಿದೆಯೋ ನಾನರಿಯೆ. ನಾಲ್ಕು ದಶಕಗಳಿಂದ ಬೇಳೆಕಾಳಿನ ವ್ಯಾಪಾರ ಮಾಡುತ್ತಿರುವ ನನಗೆ ಅಂತಹ ಲೆಕ್ಕ ಯಾವ ಖಾತೆ ಪುಸ್ತಕದಲ್ಲಿಯೂ ಕಂಡಿಲ್ಲ.

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಕೊನೆಯದಾಗಿ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವುದು ಅತಿಥಿಸಂವಿಭಾಗ. ಸಂವಿಭಾಗವೆಂದರೆ ತನಗಾಗಿ ಸಿದ್ಧಪಡಿಸಿದ್ದರಲ್ಲಿ ಪಾಲು ಕೊಡುವುದು. ಇಲ್ಲಿ ಅತಿಥಿ ಎಂದರೆ ಮುಖ್ಯವಾಗಿ ಸಂಯಮಿಗಳೇ ಹೊರತು ನಮ್ಮ ಬೀಗರೂ ಸ್ನೇಹಿತರೂ ಅಲ್ಲವೆಂಬುದನ್ನು ಬಲ್ಲೆ. ಆದರೂ ಮುನಿಗಳಿಗೆ ಕೊಡುವಾಗ ದೋಷವಾದದ್ದು ಬಂಧುಗಳಿಗೆ ಬಡಿಸುವಾಗ ಗುಣವಾಗಿಬಿಡುತ್ತದೆಯೆ? ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಸಚಿತ್ತಕ್ಕೆ ಸಂಬಂಧಿಸಿದ ಮೊದಲೆರಡನ್ನು ಬಿಟ್ಟು ಉಳಿದ ಮೂರನ್ನು ಇಂದಿನ ಔತಣದ ಪಕ್ಕದಲ್ಲಿಟ್ಟು ನೋಡೋಣ.

ಪರವ್ಯಪದೇಶವೆಂದರೆ ತಾನು ಮಾಡಬೇಕಾದ ದಾನವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಡುವುದು. ಕೇಟರಿಂಗಿನವನಿಗೆ ತಲೆ ಲೆಕ್ಕದಲ್ಲಿ ಹಣ ಕೊಟ್ಟು ಯಜಮಾನರು ಸೋಫಾದಲ್ಲಿ ಕುಳಿತಿರುವುದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ. ಮಾತ್ಸರ್ಯವೆಂದರೆ ಆದರವಿಲ್ಲದೆ ಕೊಡುವುದು, ಅಥವಾ ಇತರ ದಾತೃಗಳ ಗುಣವನ್ನು ಸಹಿಸದಿರುವುದು. ‘ಅವರ ಮನೆಯಲ್ಲಿ ಎರಡು ಸಿಹಿ ಇತ್ತು, ನಮ್ಮಲ್ಲಿ ಮೂರಾದರೂ ಇರಬೇಕು’ ಎಂಬ ಮಾತು ಯಾವ ಮನೆಯಲ್ಲಿ ಕೇಳಿಬಂದಿಲ್ಲ? ಕಾಲಾತಿಕ್ರಮವೆಂದರೆ ಹೊತ್ತು ಮೀರುವುದು. ರಾತ್ರಿ ಒಂಬತ್ತು ಗಂಟೆಯ ‘ಡಿನ್ನರ್’ ಕುರಿತು ಈ ಪತ್ರಿಕೆಯ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಮೂರಕ್ಕಿಂತಲೂ ನನ್ನನ್ನು ಕಾಡುವ ವಿಷಯ ಬೇರೊಂದಿದೆ. ಸಂಪ್ರದಾಯಸ್ಥರೆನಿಸಿದ ಮನೆಗಳಲ್ಲಿ ಅತಿಥಿಗಳಿಗೆ ಹೊತ್ತಿಗೆ ಮುಂಚೆಯೇ ಎಲೆ ಹಾಕುತ್ತಾರೆ, ನಿಜ. ಗಂಡಸರ ಪಂಕ್ತಿ ಮುಗಿಯುತ್ತದೆ, ಮಕ್ಕಳ ಪಂಕ್ತಿ ಮುಗಿಯುತ್ತದೆ. ಬೆಳಗಿನಿಂದ ಒಲೆಯ ಮುಂದೆ ನಿಂತ ಸೊಸೆ ಕೈತೊಳೆದು ಬರುವಷ್ಟರಲ್ಲಿ ಸೂರ್ಯಾಸ್ತವಾಗಿರುತ್ತದೆ. ಅವಳದೂ ರಾತ್ರಿಭೋಜನ ತ್ಯಾಗದ ವ್ರತವೇ. ಒಂದು ಲೋಟ ನೀರೂ ಇಲ್ಲದೆ ಮರುದಿನದವರೆಗೆ ಕಾಯುತ್ತಾಳೆ. ಇಂತಹ ಒಂದು ಊಟದಲ್ಲಿ ನಾನೂ ಉಂಡವನೇ, “ನೀನು ಊಟ ಮಾಡಿದೆಯೇನಮ್ಮ?” ಎಂದು ಕೇಳಿದಾಗ ಆ ತಾಯಿ, “ಇವತ್ತು ನನಗೆ ಉಪವಾಸ ಅಂತಲೇ ಇಟ್ಟುಕೊಳ್ಳಿ ಮಾವಯ್ಯಾ” ಎಂದು ನಕ್ಕರು. ತಾನಾಗಿ ಸಂಕಲ್ಪಿಸಿದ್ದು ಉಪವಾಸ. ನಮ್ಮ ಹದಿನಾಲ್ಕು ಬಗೆಗಳಿಂದ ಒಬ್ಬರ ಮೇಲೆ ಬಿದ್ದದ್ದು ಉಪವಾಸವಲ್ಲ, ಹಸಿವು. ಹಸಿದವರ ಕೈಯಿಂದ ಬಡಿಸಿಕೊಂಡು ನಾವು ಅಹಿಂಸೆಯ ಮಾತನಾಡುವುದು ಚೆನ್ನಾಗಿ ಕಾಣುವುದಿಲ್ಲ.

ಇನ್ನು ಗಡಿಯಾರದ ಲೆಕ್ಕ. ಬೆಂಗಳೂರಿನಲ್ಲಿ ನವೆಂಬರ್ ತಿಂಗಳಲ್ಲಿ ಸೂರ್ಯಾಸ್ತ ಸುಮಾರು 5-50ಕ್ಕೆ. ಜುಲೈ ಆರಂಭದಲ್ಲಿ 6-50ರ ಸುಮಾರಿಗೆ. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸಬೇಕೆಂಬ ನಿಯಮದಂತೆ ಚಳಿಗಾಲದಲ್ಲಿ ಐದು ಗಂಟೆಗೆ ಎಲೆ ಎತ್ತಬೇಕು, 4-15ಕ್ಕೆ ಕೂರಬೇಕು. ಹದಿನಾಲ್ಕು ಬಗೆಯ ಅಡುಗೆ ಆ ಹೊತ್ತಿಗೆ ಸಿದ್ಧವಾಗಬೇಕಾದರೆ ಬೆಳಿಗ್ಗೆ ಒಂಬತ್ತಕ್ಕೇ ಒಲೆ ಹಚ್ಚಬೇಕು. ಬೇಯಿಸಿದ ಅನ್ನ, ಬೇಳೆಗಳ ಮರ್ಯಾದೆ ಎರಡು ಜಾವ, ಅಂದರೆ ಆರು ಗಂಟೆ. ಒಂಬತ್ತೂವರೆಗೆ ಇಳಿಸಿದ ಬೇಳೆಯ ಮರ್ಯಾದೆ ಅತಿಥಿ ಕೂರುವ ಮೊದಲೇ ಮೀರಿಹೋಯಿತು! ವ್ರತ ಪಾಲನೆಗೆಂದು ಹಗಲಿನಲ್ಲಿ ಉಣ್ಣುವವರು ಆಡಂಬರದ ದೆಸೆಯಿಂದ ಅದೇ ವ್ರತದ ಇನ್ನೊಂದು ಅಂಗವನ್ನು ಮುರಿಯುತ್ತಿದ್ದಾರೆ.

ಆದುದರಿಂದ ಅತಿಥಿಗಳಿಗೆ ಏನು ಮಾಡಬೇಕೆಂಬ ಪ್ರಶ್ನೆಗೆ ನನ್ನದು ಒಂದೇ ಪರೀಕ್ಷೆ: ಅಡುಗೆ ಮಾಡಿದವರು ಅತಿಥಿಗಳ ಜೊತೆಯಲ್ಲಿಯೇ ಎಲೆಯ ಮುಂದೆ ಕೂರಲು ಸಾಧ್ಯವೆ? ಸಾಧ್ಯವಾದರೆ ಅದು ಒಳ್ಳೆಯ ಅಡುಗೆ. ಈ ಪರೀಕ್ಷೆಯಲ್ಲಿ ಮೊದಲು ಬಿದ್ದುಹೋಗುವುವು ಪೂರಿ, ದೋಸೆ, ಚಪಾತಿಗಳು. ಎಂಟು ಜನರಿಗೆ ತಲಾ ಮೂರರಂತೆ ಇಪ್ಪತ್ನಾಲ್ಕು ಚಪಾತಿ ಬಿಸಿಬಿಸಿಯಾಗಿ ಬೇಕೆಂದರೆ ಒಬ್ಬರು ಊಟದ ಉದ್ದಕ್ಕೂ ಕಾವಲಿಯ ಮುಂದೆ ನಿಂತಿರಲೇಬೇಕು. ಪಾತ್ರೆಯಲ್ಲಿಟ್ಟು ಮುಚ್ಚಿದರೆ ಬಿಸಿಯಾಗಿಯೇ ಇರುವಂತಹವನ್ನು ಆರಿಸಿಕೊಳ್ಳಬೇಕು.

ಉದಾಹರಣೆಗೆ ಎಂಟು ಜನರಿಗೆ ಖಾರದ ಹುಗ್ಗಿ. ಅಕ್ಕಿ 600 ಗ್ರಾಂ, ಹೆಸರುಬೇಳೆ 400 ಗ್ರಾಂ. ಬೇಳೆಯನ್ನು ಕಂಪು ಬರುವವರೆಗೆ ಹುರಿದು, ಅಕ್ಕಿಯೊಡನೆ ತೊಳೆದು, ಸೋಸಿದ ನೀರು ಧಾರಾಳವಾಗಿ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಕರಿಬೇವು, ಗೋಡಂಬಿ. ಹಸಿ ಶುಂಠಿ ಕಂದಮೂಲವಾದ್ದರಿಂದ ಅದರ ಬದಲು ಒಣಶುಂಠಿಯ ಪುಡಿ. ಜೊತೆಗೆ ಎಳ್ಳು, ಒಣಕೊಬ್ಬರಿ, ಬೆಲ್ಲ ಹಾಕಿದ ಹುಣಸೆಯ ಗೊಜ್ಜು. ಅದಕ್ಕೆ ಹಾಗಲಕಾಯಿಯೋ ದೊಣ್ಣೆಮೆಣಸಿನಕಾಯಿಯೋ ಯಾವುದಿದ್ದರೆ ಅದು. ಸೌತೆಕಾಯಿಯ ಹೋಳು. ಸಿಹಿಗೆ 200 ಗ್ರಾಂ ಗೋಧಿ ಕಡಿ, 300 ಗ್ರಾಂ ಬೆಲ್ಲ, ಒಂದು ತೆಂಗಿನಕಾಯಿಯ ಹಾಲು ಸೇರಿಸಿದ ಪಾಯಸ. ಎರಡು ಒಲೆಯಿದ್ದರೆ ಒಂದೂವರೆ ಗಂಟೆಯ ಕೆಲಸ. ಮನೆಯ ಗಂಡಸರು ಕಾಯಿ ತುರಿದು, ಸೌತೆಕಾಯಿ ಹೆಚ್ಚಿಕೊಟ್ಟರೆ ಇನ್ನೂ ಬೇಗ. ಇಲ್ಲಿ ಒಂದು ಎಚ್ಚರಿಕೆ: ಹುಗ್ಗಿಗೆ ಮೊಸರು ಬಡಿಸಬಾರದು. ದ್ವಿದಳ ಧಾನ್ಯವು ಹಸಿ ಮೊಸರಿನೊಡನೆ ಸೇರುವುದನ್ನು ನಮ್ಮ ಹಿರಿಯರು ನಿಷೇಧಿಸಿದ್ದಾರೆ. ಮೊಸರುವಡೆಯನ್ನು ‘ಶುದ್ಧ ಜೈನ’ ಔತಣಗಳಲ್ಲಿಯೇ ಬಡಿಸುವುದನ್ನು ನೋಡಿದಾಗ ಬಡಿಸಿದವರಿಗೂ ಉಂಡವರಿಗೂ ಇದರ ಪರಿವೆಯಿಲ್ಲವೆಂದು ತಿಳಿಯುತ್ತದೆ.

ಹುಗ್ಗಿ ಬೇಡವೆಂದರೆ ಅನ್ನ, ತೊಗರಿಬೇಳೆಯ ಸಾರು, ಕಾಯಿತುರಿ ಹಾಕಿದ ಬಾಳೆಕಾಯಿ ಪಲ್ಯ. ಅಷ್ಟೂ ಬೇಡವೆಂದರೆ ನಿಂಬೆಹಣ್ಣಿನ ಶಾವಿಗೆ ಮತ್ತು ಬಾಳೆಹಣ್ಣು. ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವ ಮನೆಗಳಲ್ಲಿ ಬೇಳೆಯ ಅಡುಗೆಗಳೇ ಸಾಕು.

ಇದಕ್ಕೆ ಆಕ್ಷೇಪಣೆಗಳಿವೆ. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನೆಂಬ ಜೈನ ಕವಿಯೇ ಕನ್ನಡದಲ್ಲಿ ‘ಸೂಪಶಾಸ್ತ್ರ’ ರಚಿಸಿ ಬಗೆಬಗೆಯ ಅಡುಗೆಗಳನ್ನು ವರ್ಣಿಸಿಲ್ಲವೆ, ರುಚಿಯನ್ನು ನಮ್ಮವರು ಎಂದು ಹೀಗಳೆದರು ಎಂದು ವಿದ್ವಾಂಸರೊಬ್ಬರು ನನ್ನನ್ನು ಪ್ರಶ್ನಿಸಿದರು. ಬಗೆಗಳನ್ನು ಬಲ್ಲವನಾಗುವುದು ಬೇರೆ. ಅವೆಲ್ಲವನ್ನೂ ಒಂದೇ ಎಲೆಯ ಮೇಲೆ ಸುರಿಯುವುದು ಬೇರೆ. ನನ್ನ ಅಂಗಡಿಯಲ್ಲಿ ಮೂವತ್ತು ಬಗೆಯ ಧಾನ್ಯಗಳಿವೆ. ಯಾವ ಗಿರಾಕಿಯೂ ಮೂವತ್ತನ್ನೂ ಒಂದೇ ಚೀಲಕ್ಕೆ ತುಂಬಿಸಿಕೊಂಡು ಹೋಗುವುದಿಲ್ಲ.

ಜೈನೇತರ ಸ್ನೇಹಿತರಿಗೆ ನಮ್ಮ ಊಟ ಸಪ್ಪೆಯೆನಿಸುತ್ತದೆ ಎಂಬುದು ಎರಡನೆಯ ಆಕ್ಷೇಪಣೆ. ಅವರು ಈರುಳ್ಳಿಯನ್ನು ತಮ್ಮ ಮನೆಯಲ್ಲಿ ದಿನವೂ ತಿನ್ನಬಲ್ಲರು. ನಮ್ಮ ಮನೆಗೆ ಬರುವುದು ನಮಗಾಗಿ. ಈರುಳ್ಳಿಯ ರುಚಿಯನ್ನೇ ಗೋಡಂಬಿ, ಇಂಗುಗಳಿಂದ ಅನುಕರಿಸುವ ಪನೀರಿನ ಗ್ರೇವಿಗಳಿಗಿಂತ ಒಂದು ಒಳ್ಳೆಯ ಸಾರು ಅವರಿಗೆ ಹೊಸದು. ಹೋಟೆಲಿನ ‘ಜೈನ ಊಟ’ವಾದರೋ ಎಷ್ಟೋ ಕಡೆ ಅದೇ ಬಾಣಲೆಯಲ್ಲಿ, ಅದೇ ಸೌಟಿನಿಂದ ಸಿದ್ಧವಾಗುತ್ತದೆ.

ಮೂರನೆಯದು ನಿಜವಾದ ತೊಂದರೆ. ಕಚೇರಿಯಿಂದ ಏಳು ಗಂಟೆಗೆ ಮನೆ ಸೇರುವವರು ಹೊತ್ತಿಗೆ ಮುಂಚೆ ಹೇಗೆ ಕರೆಯಬೇಕು? ಕರೆಯಬೇಡಿ. ಭಾನುವಾರ ಮಧ್ಯಾಹ್ನಕ್ಕೆ ಕರೆಯಿರಿ. ಸೂರ್ಯನ ಅವಸರವೂ ಇರುವುದಿಲ್ಲ. ಸತ್ಕಾರವೆಂದರೆ ರಾತ್ರಿಯೂಟವೇ ಆಗಬೇಕೆಂಬುದು ವಿದ್ಯುದ್ದೀಪದೊಡನೆ ಬಂದ ಕಲ್ಪನೆ. ಬೆಂಗಳೂರಿನ ಬೀದಿಗಳಿಗೇ ಅದು ಬಂದದ್ದು 1905ರಲ್ಲಿ. ವಾರದ ನಡುವೆ ರಾತ್ರಿ ಯಾರಾದರೂ ಬಂದರೆ ಕುಳಿತು ಮಾತನಾಡಿ, ಊಟಕ್ಕೆ ಭಾನುವಾರ ಬನ್ನಿರೆಂದು ಹೇಳಿ ಕಳುಹಿಸಿರಿ. ಇದರಿಂದ ಮುನಿಯುವ ಸ್ನೇಹಿತರು ಬಹಳ ಮಂದಿ ಇರಲಾರರು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಮನೆಯವರನ್ನು ದೂರುವುದು ಸುಲಭ. ಆದರೆ ಕೆಲವೆಡೆ ನಮ್ಮ ಸಮುದಾಯ ಭವನಗಳೇ ಸೂರ್ಯಾಸ್ತದ ನಂತರದ ಔತಣಗಳಿಗೆ ಬಾಡಿಗೆಗೆ ಹೋಗುತ್ತಿವೆ. ಗರ್ಭಗೃಹದಿಂದ ನೂರು ಹೆಜ್ಜೆ ದೂರದಲ್ಲಿ ರಾತ್ರಿ ಹತ್ತಕ್ಕೆ ಬಫೆ ನಡೆಯುತ್ತಿದ್ದರೆ ಯಾವ ಬಾಯಿಂದ ಯುವಕರಿಗೆ ಬುದ್ಧಿ ಹೇಳುವುದು? ಬಾಡಿಗೆಯ ಆದಾಯ ಕಡಿಮೆಯಾಗುತ್ತದೆಂದು ಖಜಾಂಚಿಗಳು ಹೇಳಬಹುದು. ಆಗಲಿ. ವಾಣಿಜ್ಯ ಪದವೀಧರನಾದ ನಾನು ಆದಾಯದ ಮಹತ್ವವನ್ನು ಅರಿಯದವನಲ್ಲ. ಸಂಸ್ಥೆಯು ಯಾವ ಉದ್ದೇಶಕ್ಕೆ ಹುಟ್ಟಿತೋ ಅದನ್ನು ಮಾರಿ ಬಂದ ಹಣವನ್ನು ಆದಾಯದ ಕಲಮಿನಲ್ಲಿ ಬರೆಯಲಾಗದು. ಬಾಡಿಗೆಯ ಕರಾರಿನಲ್ಲಿ ಎರಡು ಷರತ್ತುಗಳನ್ನು ಸೇರಿಸಬೇಕು: ಸೂರ್ಯಾಸ್ತದ ನಂತರ ಅಡುಗೆಮನೆಗೆ ಬೀಗ, ಊಟಕ್ಕೆ ಗರಿಷ್ಠ ಆರು ಬಗೆ. ಮುಂದಿನ ವಾರ್ಷಿಕ ಮಹಾಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸುವಂತೆ ಸದಸ್ಯರು ಈಗಲೇ ಲಿಖಿತ ಸೂಚನೆ ಕೊಡಬೇಕು.